ಕಂಪ್ಯೂಟರಿನೊಳಗಿನ ಕಂಪ್ಯೂಟರ್

ಜುಲೈ ಕೊನೆಯ ವಾರ ಗಂಗಾವತಿಯಲ್ಲಿ ಸಿಡಿಲು ಬಡಿದ ರಾತ್ರಿ ಮುಮ್ತಾಜಬೇಗಂ ಅವರ ಕಸೂತಿ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಪಕ್ಕದಲ್ಲೇ ಇದ್ದ ಕಸೂತಿ ಮಷಿನ್ನಿಗೆ ಬೇರೆ ಸ್ಟೆಬಿಲೈಜರ್ ಇದ್ದದ್ದರಿಂದ ಅದು ಉಳಿದುಕೊಂಡಿತು. ರಿಪೇರಿಯವನು ಬಂದು ಡಬ್ಬಿ ಬಿಚ್ಚಿ ನೋಡಿ, ಹಾರ್ಡ್ ಡಿಸ್ಕ್ ಕೂಡ ಹೋಗಿದೆ, ಅದರೊಳಗಿನದು ಇನ್ನು ಸಿಗುವುದಿಲ್ಲ ಎಂದು ಹೇಳಿ ಹೋದ.

ಹದಿನಾಲ್ಕು ವರ್ಷದ ಹಿಂದೆ ಮಷಿನ್ನಿನ ಜೊತೆಗೇ ಬಂದ ಕಂಪ್ಯೂಟರ್ ಅದು. ಹೂವು, ಬಳ್ಳಿ, ಅಕ್ಷರ ಏನೇ ಇರಲಿ, ಅದರಲ್ಲಿದ್ದ ಸಾಫ್ಟ್‌ವೇರಿನಲ್ಲಿ ಬಿಡಿಸಿ ಪೆನ್‌ಡ್ರೈವಿಗೆ ಹಾಕಿ ಮಷಿನ್ನಿಗೆ ಚುಚ್ಚಿದರೆ ಸೂಜಿ ಹಾಗೇ ಹೊಲಿಯುತ್ತಿತ್ತು. ಯಲಬುರ್ಗಾದ ಒಂದು ಹೈಸ್ಕೂಲಿನಿಂದ ಬ್ಯಾಂಡ್ ಬಾರಿಸುವ ಮಕ್ಕಳ ನಲವತ್ತೆರಡು ಜಾಕೆಟ್ ಬಂದಿದ್ದವು. ಎದೆಯ ಮೇಲೆ ಶಾಲೆಯ ಲಾಂಛನ ಹೊಲಿದು ಸ್ವಾತಂತ್ರ್ಯ ದಿನಕ್ಕೆ ಮೊದಲು ಕೊಡಬೇಕಿತ್ತು. ಹೋದ ವರ್ಷಗಳಲ್ಲಿ ಹೊಲಿದ ಅದೇ ಲಾಂಛನ ಸುಟ್ಟ ಡಿಸ್ಕಿನಲ್ಲಿತ್ತು.

ಆ ಭಾನುವಾರ ಬೆಳಿಗ್ಗೆ ಮುಮ್ತಾಜಬೇಗಂ ಒಂದು ಕೈಚೀಲ ಹಿಡಿದು ಅಂಗಡಿಗೆ ಅಂಟಿಕೊಂಡಿದ್ದ ಪಕ್ಕದ ಮನೆಯ ಐಶ್ವರ್ಯಳ ಹತ್ತಿರ ಬಂದರು. ಐಶ್ವರ್ಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು, ಮನೆಯಲ್ಲೂ ಒಂದು ಇಟ್ಟುಕೊಂಡಿದ್ದಳು. ಚೀಲದಲ್ಲಿ ಹಳೆಯ ವಿಂಡೋಸಿನ ಸಿ.ಡಿ. ಮತ್ತು ಬೆರಳುದ್ದದ ಒಂದು ಹಸಿರು ತುಂಡು ಇದ್ದವು. ಆ ತುಂಡು ಕಂಪ್ಯೂಟರಿಗೆ ಚುಚ್ಚಿದ್ದರೆ ಮಾತ್ರ ಕಸೂತಿಯ ಸಾಫ್ಟ್‌ವೇರ್ ತೆರೆಯುತ್ತಿತ್ತು. ಅಂಗಡಿಯಲ್ಲಿ ಅದಕ್ಕೆ ಚಾವಿ ಎನ್ನುತ್ತಿದ್ದರು. ದಿನವೂ ಅಂಗಡಿ ಮುಚ್ಚುವಾಗ ಅದನ್ನು ಕಿತ್ತು ಕಪಾಟಿನಲ್ಲಿಡುವ ರೂಢಿ ಇದ್ದದ್ದರಿಂದ ಅದೊಂದು ಉಳಿದಿತ್ತು.

ಈಗಿನ ಕಂಪ್ಯೂಟರಿನಲ್ಲಿ ಅಷ್ಟು ಹಳೆಯ ಸಾಫ್ಟ್‌ವೇರ್ ನಡೆಯುವುದಿಲ್ಲವೆಂದು ಐಶ್ವರ್ಯಳಿಗೆ ಗೊತ್ತಿತ್ತು. ಡಿಪ್ಲೊಮಾ ಓದುವಾಗ ವರ್ಚುವಲ್ ಮಷಿನ್ ಎಂಬ ಪಾಠ ಇತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಉತ್ತರ ಬರೆದಿದ್ದಳೇ ಹೊರತು ಒಂದನ್ನೂ ಮಾಡಿ ನೋಡಿರಲಿಲ್ಲ.

"ನಮ್ಮ ಕಂಪ್ಯೂಟರಿನ ಒಳಗ ಇನ್ನೊಂದು ಕಂಪ್ಯೂಟರ್ ಮಾಡೂದ್ರಿ ಅಕ್ಕಾರ," ಎಂದಳು. "ಹಳೇ ವಿಂಡೋಸ್ ಅದರಾಗ ಇರ್ತೈತಿ. ಹೊರಗ ಏನೈತಿ ಅಂತ ಅದಕ್ಕ ಗೊತ್ತಾಗಂಗಿಲ್ಲ."

"ನಿಮ್ಮ ಮನ್ಯಾಗ ಬಾಡಿಗಿಗೆ ಇದ್ದಂಗ," ಎಂದರು ಮುಮ್ತಾಜಬೇಗಂ. ಆಮೇಲೆ, ಇದರಿಂದ ನಿನ್ನ ಕಂಪ್ಯೂಟರ್ ಕೆಡುವುದಿಲ್ಲವೇ ಎಂದು ಎರಡು ಸಲ ಕೇಳಿದರು.

ಇಂಟರ್ನೆಟ್ಟಿನಿಂದ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡು, ಒಳಗಿನ ಕಂಪ್ಯೂಟರಿಗೆ ಇಷ್ಟು ಮೆಮೊರಿ, ಇಷ್ಟು ಡಿಸ್ಕ್ ಎಂದು ಪಾಲು ಮಾಡಿಟ್ಟು ಶುರು ಮಾಡಿದರೆ ಅದು ಏಳಲೇ ಇಲ್ಲ. ಒಂದು ತಾಸು ಹುಡುಕಿದ ಮೇಲೆ ಕಾರಣ ಸಿಕ್ಕಿತು: ಅವಳ ಕಂಪ್ಯೂಟರಿನಲ್ಲಿ ಈ ಕೆಲಸದ ಅನುಮತಿಯೇ ಬಂದ್ ಆಗಿತ್ತು. ಅದನ್ನು ತೆರೆಯಲು ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚುತ್ತಿದ್ದಂತೆ ಒಂದು ಕೀಲಿ ಒತ್ತಿ, ಅವಳು ಎಂದೂ ಮುಟ್ಟದ ನೀಲಿ ಪರದೆಗೆ ಹೋಗಬೇಕಿತ್ತು. ಹೋದಳು. ಒಂದೇ ಒಂದು ಸಾಲು ಬದಲಿಸಿ ಹೊರಬಂದಳು. ಕಂಪ್ಯೂಟರ್ ಎಂದಿನಂತೆ ಎದ್ದಾಗಲೇ ಉಸಿರು ಬಿಟ್ಟದ್ದು.

ಮುಂದಿನದು ಸಲೀಸಾಯಿತು. ಹಳೆಯ ವಿಂಡೋಸ್ ಕೇಳಿದ ಇಪ್ಪತ್ತೈದು ಅಕ್ಷರಗಳನ್ನು, ಅಂಗಡಿಯಿಂದ ತಂದ ಸುಟ್ಟ ಡಬ್ಬಿಯ ಬೆನ್ನಿನ ಚೀಟಿ ನೋಡಿ, ಮುಮ್ತಾಜಬೇಗಂ ಚಾಳೀಸು ಏರಿಸಿ ಓದಿದರು, ಐಶ್ವರ್ಯ ಒತ್ತಿದಳು. ಒಂದು ಕಡೆ ಎಂಟು ಎಂದದ್ದು ಬಿ ಅಕ್ಷರವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಂಥ ಚೌಕಟ್ಟಿನೊಳಗೆ ಹಸಿರು ಗುಡ್ಡ, ನೀಲಿ ಆಕಾಶ ಕಾಣಿಸಿತು.

"ಇದು ನನ್ನ ಕಂಪ್ಯೂಟರ್ ಐತಲ್ಲ," ಎಂದರು ಮುಮ್ತಾಜಬೇಗಂ.

ಇನ್ನು ಕಸೂತಿಯ ಸಿ.ಡಿ. ಕೊಡಿ ಎಂದು ಐಶ್ವರ್ಯ ಕೈ ಚಾಚಿದಳು. ಅದು ಚೀಲದಲ್ಲಿರಲಿಲ್ಲ. ಮುಮ್ತಾಜಬೇಗಂ ವಿಷಯ ಹೇಳಿದರು. ಸಿ.ಡಿ. ಅವರ ಅಕ್ಕನ ಮಗಳು ಶಮಾ ಹತ್ತಿರ ಇತ್ತು. ಆರು ವರ್ಷ ಇವರ ಅಂಗಡಿಯಲ್ಲೇ ಕೆಲಸ ಕಲಿತವಳು ಮೂರು ವರ್ಷದ ಹಿಂದೆ ಬಿಟ್ಟು ಹಿಟ್ನಾಳದಲ್ಲಿ ಸ್ವಂತ ಅಂಗಡಿ ಹಾಕಿದ್ದಳು. ಹೋಗುವಾಗ ಸಿ.ಡಿ. ಒಯ್ದಿದ್ದಳು, ಡಿಸೈನುಗಳನ್ನೆಲ್ಲ ನಕಲು ಮಾಡಿಕೊಂಡಿದ್ದಳು. ಗೊತ್ತಾದ ದಿನ ಇವರು ಕಳ್ಳಿ ಎಂದಿದ್ದರು. ಆವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

ಫೋನ್ ಮಾಡಿ ಕೇಳೋಣವೇ ಎಂದಳು ಐಶ್ವರ್ಯ. ಇದು ಫೋನಿನಲ್ಲಿ ಕೇಳುವ ಮಾತಲ್ಲ ಎಂದು ಮುಮ್ತಾಜಬೇಗಂ ಎದ್ದರು. ಇಬ್ಬರೂ ಬಸ್ ಹಿಡಿದು ಹಿಟ್ನಾಳಕ್ಕೆ ಹೋದರು.

ಹೆದ್ದಾರಿಯ ಪಕ್ಕದ ಸಣ್ಣ ಅಂಗಡಿಯಲ್ಲಿ ಶಮಾ ಒಬ್ಬಳೇ ಇದ್ದಳು. ಚಿಕ್ಕಮ್ಮನನ್ನು ಖಾಲಾ ಎಂದು ಕರೆದು ಎದ್ದು ನಿಂತವಳು ಚಹಾ ತರಿಸಿದಳು. ಮಾತು ಉರ್ದುವಿನಲ್ಲಿ ನಡೆಯಿತು, ಅದೂ ಸ್ವಲ್ಪವೇ. ಐಶ್ವರ್ಯಳಿಗೆ ಅರ್ಧ ತಿಳಿಯಿತು. ಸಿಡಿಲಿನ ಸುದ್ದಿ, ಜಾಕೆಟ್ಟಿನ ಸುದ್ದಿ ಹೇಳಿದ್ದಾಯಿತು. ಡಿಸೈನುಗಳ ಮಾತನ್ನು ಮುಮ್ತಾಜಬೇಗಂ ಎತ್ತಲಿಲ್ಲ. ಶಮಾ ಸಿ.ಡಿ. ಹುಡುಕಿ, ದುಪಟ್ಟಾದ ಸೆರಗಿನಿಂದ ಒರೆಸಿ ಕೊಟ್ಟಳು.

ಸೋಮವಾರ ಐಶ್ವರ್ಯ ಒಬ್ಬಳೇ ಕೂತು ಪ್ರಯತ್ನ ಮಾಡಿದಳು. ಚಾವಿ ಚುಚ್ಚಿ ಸಾಫ್ಟ್‌ವೇರ್ ಹಾಕಿದರೆ, ಚಾವಿ ಇಲ್ಲ ಎಂದೇ ಅದು ಹೇಳುತ್ತಿತ್ತು. ಒಳಗಿನ ಕಂಪ್ಯೂಟರಿನ ಮೊದಲಿನ ಸ್ಥಿತಿಯನ್ನು ಹಾಗೇ ಉಳಿಸಿಟ್ಟುಕೊಂಡಿದ್ದರಿಂದ ಎರಡು ಸಲ ಸೋತಾಗಲೂ ಅಲ್ಲಿಗೇ ಹಿಂದಿರುಗಿದಳು. ಮೂರನೆಯ ಸಲಕ್ಕೆ ಮೊದಲು ಶಮಾಗೆ ಫೋನ್ ಮಾಡಿದಳು. ಫೋನಿನಲ್ಲಿ ಹೇಳಿದರೆ ಆಗದು, ನಾನೇ ಬರುತ್ತೇನೆ ಎಂದಳು ಶಮಾ.

ಮಂಗಳವಾರ ಸಂಜೆ ಶಮಾ ಬಂದು, ಐಶ್ವರ್ಯ ಮಾಡಿದ್ದನ್ನೆಲ್ಲ ಕೇಳಿಕೊಂಡಳು. ಮುಮ್ತಾಜಬೇಗಂ ಕೂಡ ಅಲ್ಲಿದ್ದರು.

"ಚಾವಿ ಮೊದ್ಲ ಚುಚ್ಚಬಾರದ್ರಿ. ಸಿ.ಡಿ.ಯೊಳಗ ಅದರದ್ದ ಒಂದು ಡ್ರೈವರ್ ಐತಿ, ಅದನ್ನ ಹಾಕಿ ಆಮ್ಯಾಲ ಚುಚ್ಚಬೇಕು."

ಹಾಗೇ ಮಾಡಿದರು. ಚಾವಿಯನ್ನು ಒಳಗಿನ ಕಂಪ್ಯೂಟರಿಗೆ ಒಪ್ಪಿಸುವ ಗುರುತನ್ನು ಐಶ್ವರ್ಯ ಒತ್ತಿದಳು. ಹಸಿರು ತುಂಡಿನ ತುದಿಯಲ್ಲಿ ಸಣ್ಣ ದೀಪ ಹತ್ತಿತು, ಸಾಫ್ಟ್‌ವೇರ್ ತೆರೆಯಿತು. ತೆರೆದದ್ದೇನೋ ಸರಿ, ಅದರಲ್ಲಿ ಒಂದು ಡಿಸೈನೂ ಇರಲಿಲ್ಲ. ಲಾಂಛನವನ್ನು ಹೊಸದಾಗಿ ಬಿಡಿಸಲು ವಾರ ಬೇಕು ಎಂದು ಮುಮ್ತಾಜಬೇಗಂ ಹೇಳುತ್ತಿರುವಾಗಲೇ ಶಮಾ ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು. ಬಿಟ್ಟು ಹೋಗುವಾಗ ನಕಲು ಮಾಡಿಕೊಂಡಿದ್ದ ಇನ್ನೂರ ಹನ್ನೆರಡು ಡಿಸೈನುಗಳೂ ಅದರಲ್ಲಿದ್ದವು. ಶಾಲೆಯ ಲಾಂಛನವೂ ಇತ್ತು.

ಮುಮ್ತಾಜಬೇಗಂ ಒಂದೊಂದನ್ನೇ ತೆರೆಸಿ ನೋಡಿದರು. ಮಲ್ಲಿಗೆ ದಂಡೆ, ನವಿಲು, ಕುಪ್ಪಸದ ತೋಳಿನ ಬಳ್ಳಿ. ಒಂದೆರಡನ್ನು ಬಿಟ್ಟರೆ ಎಲ್ಲವೂ ಶಮಾ ಕೂತು ಬಿಡಿಸಿದವೇ. ಆಮೇಲೆ ಅವರು ಉರ್ದು ಬಿಟ್ಟು, ಐಶ್ವರ್ಯಳಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು:

"ಇವನ್ನ ಬಿಡಿಸಿದಾಕಿ ನೀನು. ಅಂಗಡಿ ನಂದು ಅಂದ್ರ ನಿನ್ನ ಕೈಯೂ ನಂದ ಅಂತ ತಿಳ್ಕೊಂಡಿದ್ದೆ. ಕಳ್ಳಿ ಅಂದದ್ದು ತಪ್ಪಾತು."

ಶಮಾ ಕಣ್ಣೊರೆಸಿಕೊಂಡಳು. ಆಮೇಲೆ ಜಾಕೆಟ್ ಯಾವ ಬಣ್ಣ ಎಂದು ಕೇಳಿದಳು. ಕಡುನೀಲಿ ಎಂದರು. ಹಾಗಾದರೆ ಹಳದಿ ದಾರ ಎದ್ದು ಕಾಣುತ್ತದೆ, ಆದರೆ ಮೊದಲು ಬಟ್ಟೆಯ ಚೂರಿನ ಮೇಲೆ ಹೊಲಿದು ನೋಡಬೇಕು ಎಂದಳು. ಇಬ್ಬರೂ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದರು. ಗೋಡೆಯ ಆಚೆಯಿಂದ ಮಷಿನ್ನಿನ ಸದ್ದು ಕೇಳಿದ ಮೇಲೆ ಐಶ್ವರ್ಯ ಅಡುಗೆಮನೆಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು.

ಜಾಕೆಟ್‌ಗಳು ಆಗಸ್ಟ್ ಹನ್ನೊಂದಕ್ಕೆ ಯಲಬುರ್ಗಾಕ್ಕೆ ಹೋದವು. ಮುಂದಿನ ತಿಂಗಳು ಮುಮ್ತಾಜಬೇಗಂ ಬೇರೆ ಕಂಪ್ಯೂಟರ್ ಕೊಂಡಾಗ ಐಶ್ವರ್ಯ ಆ ಒಳಗಿನ ಕಂಪ್ಯೂಟರನ್ನು ಒಂದು ಫೈಲಿನಂತೆ ಎತ್ತಿ ಅದರಲ್ಲಿ ಇಟ್ಟುಕೊಟ್ಟಳು, ಒಂದು ಪ್ರತಿಯನ್ನು ತನ್ನಲ್ಲೂ ಉಳಿಸಿಕೊಂಡಳು. ಶಮಾ ಹಿಟ್ನಾಳದ ಅಂಗಡಿ ಬಿಟ್ಟು ಬರಲಿಲ್ಲ. ಬಾ ಎಂದು ಖಾಲಾ ಕರೆಯಲೂ ಇಲ್ಲ. ಈಗ ದೊಡ್ಡ ಕೆಲಸ ಬಂದರೆ ಅದರಲ್ಲಿ ಅರ್ಧ ಹಿಟ್ನಾಳಕ್ಕೆ ಹೋಗುತ್ತದೆ.