ಸೀಟಿನ ಮೇಲಿದ್ದ ಹೆಲ್ಮೆಟ್

ನನ್ನ ಬಾಯಿ ಕೆಟ್ಟದ್ದು. ಊರಿಗೆಲ್ಲ ಗೊತ್ತು, ನಮ್ಮಕ್ಕ ಡೋರೀನ್‌ಗೂ ಗೊತ್ತಿತ್ತು, ಅವಳ ಗಂಡ ಲಾರ್ನ್ ಭಾವನಿಗಂತೂ ನಲವತ್ತು ವರ್ಷಗಳಿಂದ ಗೊತ್ತಿತ್ತು. ಗೊತ್ತಿದ್ದೂ ನನ್ನ ಜೊತೆ ಹೊರಟನಲ್ಲ, ಅದಕ್ಕೇನು ಹೇಳಲಿ.

ಫೆಬ್ರವರಿಯಲ್ಲಿ ಅಕ್ಕ ತೀರಿಕೊಂಡಳು. ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದು, "ರಸ್ತೆ ಮುಗಿಯೋ ತನಕ ಹೋಗಿ, ಉತ್ತರದ ಸಮುದ್ರದಲ್ಲಿ ಒಂದ್ಸಲ ಕೈ ಅದ್ದಿ ಬಾ" ಅಂದಿದ್ದಳು. ಈ ಬೇಸಿಗೆ ಹೋಗೋಣ, ಮುಂದಿನ ಬೇಸಿಗೆ ಹೋಗೋಣ ಎನ್ನುತ್ತ ಅವರಿಬ್ಬರೂ ಮೂವತ್ತು ಬೇಸಿಗೆ ಕಳೆದಿದ್ದರು. ಭಾವನನ್ನು ಆ ನೀರು ಮುಟ್ಟಿಸಿಯೇ ಕರೆತರುತ್ತೇನೆಂದು ಅಕ್ಕನ ಸಮಾಧಿಯ ಮುಂದೆ ಮಾತು ಕೊಟ್ಟವನು ನಾನು. ಜುಲೈನಲ್ಲಿ ಇಬ್ಬರೂ ನಮ್ಮ ನಮ್ಮ ಮೋಟರ್‌ಸೈಕಲ್ ಹತ್ತಿ ನಮ್ಮ ಬಯಲುನಾಡು ಸಸ್ಕ್ಯಾಚುವಾನ್ ಬಿಟ್ಟೆವು.

ಬಯಲಿನ ಎರಡು ದಿನ ಚೆನ್ನಾಗಿತ್ತು. ಅಡ್ಡಗಾಳಿಗೆ ಗಾಡಿಯನ್ನು ವಾಲಿಸಿಕೊಂಡೇ ಓಡಿಸಬೇಕು, ಅದು ನಮಗೆ ಹುಟ್ಟಿನಿಂದ ಅಭ್ಯಾಸ. ಬೆಟ್ಟ ಶುರುವಾದ ಮೇಲೆ ಭಾವ ಏದುಸಿರು ಬಿಡತೊಡಗಿದ. ನಿಂತಲ್ಲೆಲ್ಲ ಎದೆ ನೀವಿಕೊಂಡು ಎದೆಯುರಿಯ ಮಾತ್ರೆ ಅಗಿಯುತ್ತಿದ್ದ.

"ಮೂರು ಹೊತ್ತೂ ಸಾಸೇಜ್ ಕತ್ತರಿಸಿದ್ರೆ ಎದೆ ಉರೀದೆ ಇನ್ನೇನ್ ಉರಿಯತ್ತೆ, ಭಾವ?"

"ನಿಮ್ಮಕ್ಕ ಇದ್ದಿದ್ರೆ ಮೊದಲು ನಿನ್ ನಾಲಿಗೆಗೆ ಮಾತ್ರೆ ಕೊಡ್ತಿದ್ಲು, ಬೋಡನ್."

ನಕ್ಕೆವು. ದೇವರೇ, ನಾನು ನಕ್ಕೆ.

ಏಳನೇ ದಿನ ಡಾಂಬರು ಮುಗಿದು ಜಲ್ಲಿ ರಸ್ತೆ ಹಿಡಿದೆವು. ಮರಗಳು ಸೊಂಟದೆತ್ತರಕ್ಕಿಳಿದವು, ಫೋನು ಸತ್ತಿತು. ಎಂಟನೇ ದಿನ ಬೆಳಿಗ್ಗೆ, ಆ ರಸ್ತೆಗೆಲ್ಲ ಇರುವ ಒಂದೇ ಒಂದು ನಡುದಾರಿಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡಾಗ ಭಾವ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಹಿಂದಕ್ಕೆ ಹೋಗೋಣ ಕಣೋ. ಆಗ್ತಿಲ್ಲ ನಂಗೆ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಬಂದು, ಇನ್ನೆರಡು ದಿನದ ದಾರಿ ಉಳಿದಿರುವಾಗ!

"ಹೋಗು. ಅರ್ಧಕ್ಕೆ ಎದ್ದು ಹೋಗೋದು ನಿಂಗೇನ್ ಹೊಸದಾ? ಅಕ್ಕನ ಕೊನೇ ಉಸಿರಿಗೂ ನೀನು ಹೊರಗೆ ಕಾರಲ್ಲಿ ಕೂತಿದ್ದೋನೇ ಅಲ್ವಾ?"

ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ನನ್ನನ್ನು ಒಂದು ಸಲ ನೋಡಿದ. ಹೆಲ್ಮೆಟ್ ಹಾಕಿಕೊಂಡ, ಪಟ್ಟಿ ಬಿಗಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಗಾಡಿ ತಿರುಗಿಸಿದ, ಉತ್ತರಕ್ಕೆ.

ಮುನಿಸಿನಲ್ಲಿ ನಾನು ಬೇಕೆಂದೇ ಹಿಂದುಳಿದೆ. ಚೈನ್ ಬಿಗಿ ಮಾಡಿದೆ, ಕಾಫಿ ಕುಡಿದೆ. ಅಷ್ಟರಲ್ಲಿ ಒಂದು ಬಿಳಿ ಕ್ಯಾಂಪರ್ ವ್ಯಾನೂ ಅದೇ ದಿಕ್ಕಿಗೆ ಹೋಯಿತು. ಒಂದು ಗಂಟೆ ಬಿಟ್ಟು ಹೊರಟೆ.

ನನಗೆ ಗಾಡಿ ಕಲಿಸಿದವನು ಭಾವನೇ. ಹದಿನೆಂಟರ ಹುಡುಗನಿಗೆ ಕ್ಲಚ್ಚಿಗಿಂತ ಮೊದಲು ಹೇಳಿಕೊಟ್ಟದ್ದು ಇದನ್ನು: "ನಿಂತಿರೋ ಗಾಡಿ ಹಿಂದೆ ರಸ್ತೆ ಮೇಲೆ ಹೆಲ್ಮೆಟ್ ಇದ್ರೆ ಅವನು ಕಷ್ಟದಲ್ಲಿದಾನೆ ಅಂತ. ನಿನ್ ಮನೆಗೆ ಬೆಂಕಿ ಬಿದ್ದಿದ್ರೂ ನಿಲ್ಲು. ಸೀಟಿನ ಮೇಲಿದ್ರೆ ಆರಾಮಾಗಿದಾನೆ, ನೀನು ನಡಿ." ಗಾಡಿ ಓಡಿಸುವವರಿಗೆಲ್ಲ ಗೊತ್ತಿರುವ ಮಾತು. ಮಿಕ್ಕವರಿಗೆ ಹೆಲ್ಮೆಟ್ ಅಂದರೆ ಹೆಲ್ಮೆಟ್, ಅಷ್ಟೆ.

ಘಟ್ಟ ದಾಟಿ ಇಳಿಯುತ್ತಿದ್ದಂತೆ ಭಾವನ ಗಾಡಿ ಕಂಡಿತು. ಮೊದಲು ನೋಡಿದ್ದೇ ಹೆಲ್ಮೆಟ್ಟನ್ನು. ಸೀಟಿನ ಮೇಲಿತ್ತು. ಭಾವ ರಸ್ತೆ ಬದಿಯ ಪಾಚಿಯ ಮೇಲೆ ಮೊಣಕೈ ಊರಿ ಒರಗಿದ್ದ. ನನ್ನ ಸದ್ದಿಗೆ ಕೈ ಎತ್ತಿದ, ತಲೆಗಿಂತ ಮೇಲೆ. ಬಿಸಿಲು ಕಾಯಿಸ್ತಾ ಇದಾನೆ ಮಹಾರಾಜ, ಅಂದುಕೊಂಡೆ. ಗಾಡಿ ಓಡಿಸುವವರ ರೂಢಿಯಂತೆ ಸಲಾಮಿಗೆ ಎಡಗೈಯ ಎರಡು ಬೆರಳು ನೆಲದ ಕಡೆ ಚಾಚಿ ತೋರಿಸಿ ಮುಂದೆ ಹೋದೆ. ನಮ್ಮಲ್ಲಿ ಯಾರೂ ಕೈ ಮೇಲೆತ್ತಿ ಸಲಾಮು ಹೇಳುವುದಿಲ್ಲ. ಅದು ಆ ಕ್ಷಣಕ್ಕೆ ತಲೆಗೆ ಹೋಗಲಿಲ್ಲ. ಸಿಟ್ಟಿಗೆ ಕಣ್ಣೆಲ್ಲಿ?

ಅಲ್ಲಿಂದ ಎಪ್ಪತ್ತು ಕಿಲೋಮೀಟರಿಗೆ ನದಿ. ಗಾಡಿಗಳನ್ನು ದಾಟಿಸುವ ಫೆರಿ ದೋಣಿ ಆಚೆ ದಡದಲ್ಲಿತ್ತು. ಈಚೆ ಅದೇ ಬಿಳಿ ಕ್ಯಾಂಪರ್ ಕಾದು ನಿಂತಿತ್ತು. ಅದರಲ್ಲಿದ್ದ ಮುದುಕಿ ನನಗೆ ಒಂದು ಮಫಿನ್ ಕೊಟ್ಟಳು.

"ಹಿಂದೆ ಇರೋರು ನಿಮ್ ಜೊತೆಯವರಾ? ಒಳ್ಳೇ ನಿದ್ದೆ ಹೊಡೀತಿದ್ರು ಪಾಪ. ಹೆಲ್ಮೆಟ್ ನೋಡಿದ್ರೆ ರಸ್ತೆ ಮಧ್ಯ ಬಿದ್ದಿತ್ತು. ಲಾರಿಗೀರಿ ಹತ್ತಿಸಿಬಿಡ್ತಾರೆ ಅಂತ ನಾನೇ ಎತ್ತಿ, ಧೂಳು ಒರೆಸಿ, ಸೀಟಿನ ಮೇಲಿಟ್ಟು ಬಂದೆ."

ಮಫಿನ್ ಕೈಯಿಂದ ಬಿತ್ತು. ಅವಳ ಮೇಲೆ ಕೂಗಬೇಕೆನಿಸಿತು. ಯಾವ ಬಾಯಲ್ಲಿ ಕೂಗಲಿ? ಅವಳು ಒಳ್ಳೆಯದನ್ನೇ ಮಾಡಿದ್ದಳು. ಫೆರಿಯವರಿಗೆ ಹೇಳಿ ಆಚೆ ದಡದಿಂದ ನರ್ಸನ್ನು ಕಳಿಸಿ ಎಂದಷ್ಟೇ ವ್ಯಾನಿನಲ್ಲಿದ್ದ ಅವಳ ಗಂಡನಿಗೆ ಹೇಳಿ ಗಾಡಿ ತಿರುಗಿಸಿದೆ.

ಆ ಎಪ್ಪತ್ತು ಕಿಲೋಮೀಟರ್ ಹೇಗೆ ಓಡಿಸಿದೆನೋ ನನಗೆ ನೆನಪಿಲ್ಲ. ಭಾವ ಪಕ್ಕಕ್ಕೆ ವಾಲಿದ್ದ. ಕೆನ್ನೆ ಪಾಚಿಗೆ ಒತ್ತಿತ್ತು, ಸೊಳ್ಳೆಗಳು ಕಣ್ಣಿನ ಮೇಲೇ ಕೂತಿದ್ದವು, ಅವನು ಓಡಿಸಲಿಲ್ಲ. ಮಾತ್ರೆಯ ಡಬ್ಬಿ ಮುಚ್ಚಳ ತೆಗೆದು ಬಿದ್ದಿತ್ತು. ಗಾಡಿಯ ಮೂತಿ ಇನ್ನೂ ಉತ್ತರಕ್ಕೇ ಇತ್ತು.

"ಭಾವ, ಏಳು," ಅಂದೆ. "ಏಳೋ ಮಾರಾಯ. ಹಿಂದಕ್ಕೇ ಹೋಗೋಣ. ನೀನ್ ಹೇಳ್ದಂಗೇ ಆಗ್ಲಿ."

ಎಷ್ಟು ಸಲ ಹೇಳಿದೆನೋ. ಎದೆ ಒತ್ತಿದೆ, ಬಾಯಿಗೆ ಉಸಿರು ಊದಿದೆ. ಕೈ ಸೋತ ಮೇಲೆ ಸೊಳ್ಳೆ ಓಡಿಸುತ್ತ ಕೂತೆ. ಆಮೇಲೆ ಎದ್ದು ನನ್ನ ಹೆಲ್ಮೆಟ್ ತೆಗೆದುಕೊಂಡು ಹೋಗಿ ರಸ್ತೆಯ ಮೇಲೆ, ಗಾಡಿಯ ಹಿಂದೆ ಇಟ್ಟೆ. ಯಾಕಿಟ್ಟೆ ಎಂದು ಕೇಳಿದರೆ ಹೇಳಲಾರೆ.

ದಕ್ಷಿಣದಿಂದ ಒಬ್ಬ ಮೋಟರ್‌ಸೈಕಲಿನವನು ಬಂದ. ಹೆಲ್ಮೆಟ್ ಕಂಡದ್ದೇ ತಡ, ಜಲ್ಲಿಯಲ್ಲಿ ಜಾರಿ ಬೀಳುವಷ್ಟು ಜೋರಾಗಿ ಬ್ರೇಕ್ ಹಾಕಿ ಓಡಿ ಬಂದ. ಭಾವನ ಕುತ್ತಿಗೆ ಮುಟ್ಟಿ ನೋಡಿ, ತನ್ನ ಹೆಲ್ಮೆಟ್ ತೆಗೆದು, ನನ್ನ ಪಕ್ಕ ಕುಕ್ಕರಿಸಿದ.

"ನಾನೇನ್ ಮಾಡ್ಲಿ ಹೇಳಿ, ಅಣ್ಣಾ."

"ಏನೂ ಇಲ್ಲ," ಅಂದೆ. "ನೀನು ನಿಂತ್ಯಲ್ಲ."

ಅವನು ಎದ್ದು, ನನ್ನ ಹೆಲ್ಮೆಟ್ ಎತ್ತಿ ಸೀಟಿನ ಮೇಲಿಡಲು ಹೋದ.

"ಮುಟ್ಟಬೇಡ," ಅಂದೆ. "ಅಲ್ಲೇ ಇರ್ಲಿ."