ನಲವತ್ತಕ್ಕೆ ಮೂವತ್ತೊಂಬತ್ತು

"ತನ್ನ ಚಡ್ಡಿ ತಾನು ಏರಿಸ್ಕೊಳ್ಳೋಕೆ ಬರದವನಿಗೆ ಬೇರೆ ಮನೆ ಒಂದು ಕೇಡು," ಅಂದ ಭಾವ. ಅಂದದ್ದು ಅಕ್ಕನ ಕಿವಿಯಲ್ಲಲ್ಲ. ಮನೆ ಓನರ್ ಮುಂದೆ, ಪಕ್ಕದ ಮನೆಯವಳ ಮುಂದೆ, ಅಂಗವಿಕಲರ ಇಲಾಖೆಯಿಂದ ಫೈಲು ಹಿಡಿದು ಬಂದಿದ್ದ ತಪಾಸಣೆ ಮೇಡಂ ಮುಂದೆ.

ಪ್ರೆಸ್ಸಿಗೆ ಪ್ರೂಫ್ ನೋಡಿ ಹೊಟ್ಟೆ ಹೊರೆಯುವ ಆ ತಮ್ಮನ ಮುಖಕ್ಕೆ ರಕ್ತ ನುಗ್ಗಿತು. ಈ ಒಂಟಿ ರೂಮಿಗೆ ಬಂದು ಎರಡು ವರ್ಷ. ಅದಕ್ಕೂ ಮುಂಚೆ ಒಂಬತ್ತು ವರ್ಷ ಅಕ್ಕನ ಮನೆಯ ಹಿಂದಿನ ಕೋಣೆ. ಮನೆಯವರು ಹೊರಟರೆ ಸಾಕು, ಭಾವ ಹೊರಗಿನಿಂದ ಚಿಲಕ ಜಡಿಯುತ್ತಿದ್ದ. ಮೇಡಂ ಇವತ್ತು ಇವನ ಕೈಲಿ ಆಗೋಲ್ಲ ಅಂತ ಬರೆದರೆ ಮತ್ತೆ ಅದೇ ಚಿಲಕ.

ಹಲ್ಲು ಕಚ್ಚಿ ಎದ್ದ. ಹೇಳಿದ್ದನ್ನೆಲ್ಲ ಮಾಡಿ ತೋರಿಸಿದ. ಸ್ಟವ್ ಹಚ್ಚಿದ, ಟೀ ಸೋಸಿದ, ಅರ್ಧ ಬಕೆಟ್ ನೀರು ಎಳೆದ, ಮೆಟ್ಟಿಲು ಇಳಿದು ಹತ್ತಿದ. ಭಾವನಿಗೂ ಒಂದು ಲೋಟ ಟೀ ಕೊಟ್ಟ, ಸಕ್ಕರೆ ಹಾಕದೆ.

ನಲವತ್ತಕ್ಕೆ ಮೂವತ್ತೊಂಬತ್ತು. ಮೇಡಂ ಹಾಕಿದ ಅಂಕ ಕೇಳಿ ಓನರ್ ಭೇಷ್ ಅಂದ. ಅಕ್ಕ ಕಣ್ಣೊರೆಸಿಕೊಂಡಳು.

"ತುಂಬಾ ಸಂತೋಷ," ಅಂದರು ಮೇಡಂ. "ಮೂವತ್ತೈದು ದಾಟಿದವರಿಗೆ ಇಲಾಖೆ ಸಹಾಯ ನಿಲ್ಲುತ್ತೆ. ಒಂದನೇ ತಾರೀಕಿಂದ ಆಯಾ ಬರೋಲ್ಲ."

ಅವನ ನಗು ತುಟಿಯ ಮೇಲೇ ಸತ್ತಿತು.

ಆಯಾ ಬೆಳಗ್ಗೆ ಆರಕ್ಕೆ ಬರುತ್ತಾಳೆ. ಶಕ್ತಿಯಿಲ್ಲದ ಕಾಲನ್ನು ನೆಟ್ಟಗೆ ನಿಲ್ಲಿಸುವ, ತೊಡೆವರೆಗಿನ ಕಬ್ಬಿಣದ ಕ್ಯಾಲಿಪರ್ ಎರಡೂ ಕಾಲಿಗೆ ಏರಿಸಿ, ಹಿಂದಿನ ಬಕಲ್ ಬಿಗಿದು, ಮೇಲೆ ಪ್ಯಾಂಟು ತೊಡಿಸಿ ಹೋಗುತ್ತಾಳೆ. ಬಲಗೈ ಬೆರಳು ಮಡಚದ ಅವನಿಗೆ ಆ ಬಕಲ್ ಸಿಕ್ಕುವುದಿಲ್ಲ. ಬಿಗಿದ ಮೇಲೆ ಅವನು ರಾಜ. ಅಲ್ಲಿಯವರೆಗೆ ಹಾಸಿಗೆ ಮೇಲಿನ ಮೂಟೆ. ಎರಡು ವರ್ಷದಿಂದ ತಪಾಸಣೆಗೆ ಬಂದವರೆಲ್ಲ ಬಂದದ್ದು ಹನ್ನೊಂದು ಗಂಟೆಗೆ. ಆರು ಗಂಟೆಯ ಅವನನ್ನು ಒಂದು ನರಪಿಳ್ಳೆಯೂ ನೋಡಿಲ್ಲ.

ತೊದಲುತ್ತ ಅದನ್ನೇ ಹೇಳಿದ. ಆ ಪ್ರಶ್ನೆ ಹಾಳೆಯಲ್ಲಿಲ್ಲ ಅಂದರು ಮೇಡಂ. ಇದ್ದದ್ದು ಎರಡೇ ಚೌಕ: ಒಂಟಿಯಾಗಿ ಇರಬಲ್ಲ, ಮನೆಯವರ ಜೊತೆ ಇರಬೇಕು. ನಡುವೆ ಇನ್ನೊಂದು ಚೌಕಕ್ಕೆ ಬೇಕಾದಷ್ಟು ಜಾಗವಿತ್ತು. ಹಾಕುವ ತಲೆ ಮಾತ್ರ ಯಾರಿಗೂ ಇರಲಿಲ್ಲ.

"ಆಯಾ ಇಲ್ದೆ ಆಗೋಲ್ಲ ಅಂದ್ರೆ ಕೆಳಗಿನದಕ್ಕೆ ಗುರುತು ಹಾಕ್ತೀನಿ. ಆಗುತ್ತಾ, ಆಗೋಲ್ವಾ?"

ಭಾವ ಲೋಟ ಕೆಳಗಿಟ್ಟ. "ಹೇಳಪ್ಪಾ," ಅಂದ, ಬಲು ಮೆತ್ತಗೆ.

ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಅವನು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಎರಡೂ ಚೌಕವನ್ನು ಮೇಡಂ ಕೈಯಲ್ಲೇ ಖಾಲಿ ಬಿಟ್ಟು, ಅವರ ಪಕ್ಕದಲ್ಲೇ ಹಾದು, ಒಂದೊಂದೇ ಮೆಟ್ಟಿಲಿಳಿದು, ಬೀದಿ ಹಿಡಿದು ನಡೆದ.