ಸಾಣೆಚಕ್ರದ ಪಕ್ಕದ ತೊಟ್ಟಿಲು

ಖಂಭಾತ್ ಊರಂಚಿನ ಆ ಓಣಿಯಲ್ಲಿ ಬೆಳಗಾದರೆ ಎರಡು ಸದ್ದು. ಒಂದು ಅಕೀಕ್ ಎಂಬ ಮಣಿಗಲ್ಲನ್ನು ಉಜ್ಜುವ ಸಾಣೆಚಕ್ರದ್ದು, ಇನ್ನೊಂದು ಕೆಮ್ಮಿನದು. ಸಂಜೆಯಾದರೆ ಮೊದಲನೆಯದು ನಿಲ್ಲುತ್ತಿತ್ತು.

ಮನ್ಸುಖನ ಚಕ್ರ ಮನೆಯ ಜಗಲಿಯಲ್ಲೇ ಇತ್ತು. ಮಡಕೆಯಲ್ಲಿಟ್ಟು ಬೆರಣಿಯ ಬೆಂಕಿಯಲ್ಲಿ ಕಾಯಿಸಿ ಕೆಂಪು ಬರಿಸಿದ ಕಲ್ಲನ್ನು ಅವನು ಕಬ್ಬಿಣದ ಮೊನೆಗೆ ಆನಿಸಿ, ಕೋಡಿನ ಸುತ್ತಿಗೆಯಿಂದ ತಟ್ಟಿ ಚಕ್ಕೆ ಹಾರಿಸುತ್ತಿದ್ದ. ಆಮೇಲೆ ಚಕ್ರಕ್ಕೆ ಹಿಡಿದರೆ ಕಲ್ಲು ದುಂಡಗಿನ ಮಣಿಯಾಗುತ್ತಿತ್ತು, ಅವನ ಮೀಸೆ ಬೆಳ್ಳಗಾಗುತ್ತಿತ್ತು.

ಅದೇ ಜಗಲಿಯ ತೊಲೆಗೆ ಅವನ ಪುಟ್ಟ ಮಗಳು ಕಂಕುವಿನ ತೊಟ್ಟಿಲು ತೂಗುತ್ತಿತ್ತು. ಕಟ್ಟಿಸಿದವರು ಮನ್ಸುಖನ ತಾಯಿ ಜೀವಿಬಾ; ಎಲ್ಲರ ಬಾಯಲ್ಲೂ ಅವರು ‘ಬಾ’, ಅಂದರೆ ಅಮ್ಮ. ಅಕೀಕ್ ಇದ್ದ ಕಡೆ ಮಗುವಿಗೆ ದೃಷ್ಟಿ ತಾಕುವುದಿಲ್ಲ ಎಂದು ಅವರ ನಂಬಿಕೆ. ಓಣಿಯ ಎಲ್ಲ ಅಜ್ಜಿಯರದೂ ಅದೇ.

ಕಂಕುವಿನ ತಾಯಿ ವಿಜು ಮಾತು ಕಡಿಮೆಯವಳು. ಅತ್ತೆಯ ಮುಂದಂತೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಹೊಸಿಲ ಬಳಿ ಕೂತು ರೊಟ್ಟಿ ತಟ್ಟುತ್ತಲೇ ಎಲ್ಲವನ್ನೂ ನೋಡುತ್ತಿದ್ದಳು. ಗಂಡ ಈಗೀಗ ಮಣಿಯ ಚೀಲ ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಮಗು ನಿದ್ದೆಯಲ್ಲಿ ಸೀನುತ್ತದೆ.

ಓಣಿಯವರು ‘ಬೆನ್’, ಅಂದರೆ ಅಕ್ಕ, ಎಂದು ಕರೆಯುವ ಆರೋಗ್ಯ ಕಾರ್ಯಕರ್ತೆ ಫರೀದಾಬೆನ್ ಒಂದು ದಿನ ಮತ್ತೆ ಬಂದರು.

“ಜೀವಿಬಾ, ತೊಟ್ಟಿಲು ಇನ್ನೂ ಇಲ್ಲೇ ಇದೆಯಲ್ಲ!”

“ಮೊದ್ಲು ಮಜ್ಜಿಗೆ ಕುಡಿ ತಾಯಿ, ಬೈಯೋದು ಆಮೇಲೆ.”

“ಮನ್ಸುಖ್‌ಭಾಯಿ ಕೆಮ್ಮು ಹೇಗಿದೆ?”

“ಕೊರಳಿಗೆ ಕೆಂಪು ಅಕೀಕ್ ಕಟ್ಟಿದೀನಿ. ಎದೆ ನೋವಿಗೆ ಅದನ್ನ ಮೀರಿದ ಮದ್ದಿಲ್ಲ. ನಿನ್ನ ಬೆರಳಲ್ಲೂ ಅಕೀಕ್ ಉಂಗುರ ಹೊಳೀತಿದೆ, ನನಗೆ ಬುದ್ಧಿ ಹೇಳೋಕೆ ಬಂದ್ಯಾ?”

ಫರೀದಾಬೆನ್ ನಕ್ಕರು. “ನಮ್ಮಮ್ಮ ಕೊಟ್ಟಿದ್ದು ಬಾ, ನಾನೂ ತೆಗೆಯಲ್ಲ. ಉಂಗುರದ ಕಲ್ಲು ಯಾರಿಗೂ ಕೆಡುಕು ಮಾಡಲ್ಲ, ರೋಗಾನೂ ವಾಸಿ ಮಾಡಲ್ಲ. ಆದ್ರೆ ಪುಡಿಯಾಗಿ ಮೂಗಿಗೆ ಹೋದ ಕಲ್ಲು ಶ್ವಾಸಕೋಶದಲ್ಲಿ ಕೂತ್ರೆ ಏಳೋದೇ ಇಲ್ಲ. ಅದಕ್ಕೆ ಸಿಲಿಕೋಸಿಸ್ ಅಂತಾರೆ.”

“ಈ ಚಕ್ರದ ಮುಂದೆ ಕೂತಿದ್ದ ನಮ್ಮನೆಯವರು ಹೋಗಿದ್ದು ಟಿಬಿಯಿಂದ.”

“ಅವರು ಟಿಬಿ ಮಾತ್ರೆ ಪೂರ್ತಿ ನುಂಗಿದ್ರಲ್ಲ ಬಾ. ಉಬ್ಬಸ ಹೋಯ್ತಾ?”

ಜೀವಿಬಾ ಲೋಟಕ್ಕೆ ಮತ್ತೆ ಮಜ್ಜಿಗೆ ಸುರಿದರು. ಲೋಟ ಆಗಲೇ ತುಂಬಿತ್ತು.

ಮನ್ಸುಖ ಚಕ್ರ ನಿಲ್ಲಿಸಿದ. “ನಾನು ಮೂಗಿಗೆ ಬಟ್ಟೆ ಕಟ್ಕೋತೀನಲ್ಲ ಬೆನ್?”

“ಹಿಟ್ಟು ಜರಡಿ ಹಿಡಿದ ಹಾಗೆ ಭಾಯಿ. ತರಿ ಮೇಲೆ ನಿಲ್ಲುತ್ತೆ, ನುಣ್ಣಗಿರೋದು ಇಳಿದುಹೋಗುತ್ತೆ. ಜೀವ ತೆಗೆಯೋದು ಆ ನುಣ್ಣನೆ ಧೂಳೇ.”

“ಹೆದರಿಸೋದು ನಿನ್ನ ಕೆಲಸ,” ಎಂದು ಜೀವಿಬಾ ಎದ್ದು ಒಳಗೆ ಹೋದರು.

ಮರುದಿನ ವಿಜು ತಾನು ತಲೆಗೆ ಹೊದೆಯುವ ಕಪ್ಪು ಓಢಣಿಯನ್ನು ಒಗೆದು ಒಣಗಿಸಿ ತೊಟ್ಟಿಲಿನ ಮೇಲೆ ಹರಡಿದಳು. ಅತ್ತೆ ಕೇಳಿದ್ದಕ್ಕೆ “ನೊಣ ಕೂರುತ್ತೆ, ಬಾ” ಎಂದಳು. ಸಂಜೆ ಚಕ್ರ ನಿಂತ ಮೇಲೆ ಅದನ್ನು ಮೆಲ್ಲಗೆ ಎತ್ತಿ, ಮಡಿಸದೆ ಅತ್ತೆಯ ಮುಂದೆ ಚಾಚಿ ಹಿಡಿದಳು. ಕಪ್ಪು ಬಟ್ಟೆ ಬೂದಿ ಬಳಿದಂತೆ ಬೆಳ್ಳಗಾಗಿತ್ತು.

“ಚಕ್ರದ ಮನೇಲಿ ಧೂಳು ಇರಲ್ವೇನೆ?”

ವಿಜು ಓಢಣಿಯನ್ನು ಇನ್ನಷ್ಟು ಹತ್ತಿರ ಚಾಚಿದಳು. “ಇವತ್ತು ಬಟ್ಟೆ ಮೇಲೆ ಕೂತಿದೆ ಬಾ. ಬಟ್ಟೆ ಇಲ್ಲದ ದಿನ ಎಲ್ಲಿ ಕೂತಿತ್ತು?”

ಜೀವಿಬಾ ಓಢಣಿಯನ್ನು ಬೆರಳಿನಿಂದ ಗೀರಿದರು. ಕಪ್ಪು ಗೆರೆ ಮೂಡಿತು. ಮೊಮ್ಮಗಳನ್ನು ತಾವೇ ಎತ್ತಿಕೊಂಡು ಒಳಕೋಣೆಗೆ ನಡೆದರು. “ಸೊಸೆಗೆ ಬಾಯಿ ಬಂತು,” ಎಂದು ಗೊಣಗಿದ್ದೂ ಕೇಳಿಸಿತು.

“ಬರಲಿ ಬಿಡು ಬಾ, ಇಷ್ಟು ದಿನ ಎಲ್ಲಿತ್ತೋ,” ಎಂದ ಮನ್ಸುಖ. ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು.

ಮಾರನೆಯ ದಿನ ಫರೀದಾಬೆನ್ ಜೊತೆ ಎಲ್ಲರೂ ಸರಕಾರಿ ಆಸ್ಪತ್ರೆಗೆ ಹೋದರು. “ಡಾಕ್ಟರಿಗೆ ಕೆಮ್ಮಿದೆ ಅಂತಷ್ಟೇ ಹೇಳ್ಬೇಡಿ, ಕಲ್ಲು ಉಜ್ಜೋ ಕೆಲಸ ಅಂತಲೂ ಹೇಳಿ,” ಎಂದು ಅವರು ದಾರಿಯಲ್ಲೇ ಹೇಳಿಕೊಟ್ಟಿದ್ದರು. ಮನ್ಸುಖ ಹೇಳಿದ. ಎಕ್ಸ್‌ರೇ ಆಯಿತು, ಕಫದ ಪರೀಕ್ಷೆಯೂ ಆಯಿತು. ಟಿಬಿ ಇರಲಿಲ್ಲ.

ಕಲ್ಲು ಕೊಳ್ಳುವಾಗ ಬೆಳಕಿಗೆ ಹಿಡಿದು ಒಳಗಿನ ಬಿರುಕು ಹುಡುಕುವುದು ಮನ್ಸುಖನ ರೂಢಿ. ಎಕ್ಸ್‌ರೇಯನ್ನೂ ಹಾಗೆಯೇ ಕಿಟಕಿಗೆ ಹಿಡಿದ. ಎದೆಗೂಡಿನ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಬಹಳ ಹೊತ್ತು ನೋಡಿ, “ಬಾ, ಇದು ಕಲ್ಲಾಗಿದ್ರೆ ನಾನು ಕೊಳ್ತಿರ್ಲಿಲ್ಲ,” ಎಂದ.

ಜೀವಿಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಇದು ಸಿಲಿಕೋಸಿಸ್. ಒಳಗೆ ಹೋಗಿ ಕೂತ ಧೂಳನ್ನ ತೆಗೆಯೋ ಮದ್ದಿಲ್ಲ,” ಎಂದರು ಡಾಕ್ಟರು. “ಆದ್ರೆ ಇನ್ನಷ್ಟು ಹೋಗದ ಹಾಗೆ ತಡೆಯೋದು ನಿಮ್ಮ ಕೈಲಿದೆ. ಚಕ್ರದ ಮುಂದೆ ಇನ್ನು ಕೂರಬೇಡಿ. ತಪಾಸಣೆಗೆ ತಪ್ಪದೆ ಬನ್ನಿ. ಇಂಥ ಎದೆಗೆ ಟಿಬಿ ಬೇಗ ಅಂಟುತ್ತೆ.” ಕಂಕುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, “ಮಗು ಚೆನ್ನಾಗಿದೆ. ಧೂಳಿಂದ ದೂರ ಇಟ್ಟುಕೊಳ್ಳಿ,” ಎಂದು ಕೆನ್ನೆ ತಟ್ಟಿದರು.

ಈಗ ಆ ಜಗಲಿಯಲ್ಲಿ ಚಕ್ರವಿಲ್ಲ. ಓಣಿಯವರೆಲ್ಲ ಸೇರಿ ಊರಾಚೆ ಒಂದು ಚಪ್ಪರ ಹಾಕಿದ್ದಾರೆ. ಅಲ್ಲಿ ಕಲ್ಲಿಗೆ ನೀರು ಬಿಡುತ್ತಲೇ ಉಜ್ಜುತ್ತಾರೆ, ಏಳುವ ಧೂಳನ್ನು ಫ್ಯಾನು ಕೂಡಿಸಿದ ಕೊಳವೆ ಎಳೆದುಕೊಳ್ಳುತ್ತದೆ. ಮನ್ಸುಖ ಚಪ್ಪರದೊಳಕ್ಕೆ ಹೋಗುವುದಿಲ್ಲ. ಮನೆಯಲ್ಲೇ ಕೂತು ಕಲ್ಲನ್ನು ಬೆಳಕಿಗೆ ಹಿಡಿದು ಆರಿಸಿ ಕೊಡುತ್ತಾನೆ. ಅವನ ಕಣ್ಣಿಗೆ ಓಣಿಯಲ್ಲಿ ಸಾಟಿಯಿಲ್ಲ.

ಒಳಕೋಣೆಗೆ ಸರಿದ ತೊಟ್ಟಿಲಿಗೆ ಜೀವಿಬಾ ಒಂದು ಕೆಂಪು ಅಕೀಕ್ ಕಟ್ಟಿದ್ದಾರೆ. ಫರೀದಾಬೆನ್ ಅದನ್ನು ನೋಡಿ ಹುಬ್ಬೇರಿಸಿದಾಗ ಜೀವಿಬಾ ಹೇಳಿದರು: “ದೃಷ್ಟಿಯನ್ನ ಇದು ನೋಡಿಕೊಳ್ಳಲಿ. ಧೂಳನ್ನ ನಮ್ಮ ವಿಜು ನೋಡಿಕೊಳ್ತಾಳೆ.”

ಓದುತ್ತಿರುವ ಅಕ್ಕ, ಅಣ್ಣ, ಕಲ್ಲು ಒಡೆಯುವ, ಕಡಿಯುವ, ಉಜ್ಜುವ ಕೈಗಳು ನಿಮ್ಮ ಮನೆಯಲ್ಲೂ ಇರಬಹುದು. ಕೆಮ್ಮು ಬಿಡದಿದ್ದರೆ ಆಸ್ಪತ್ರೆಗೆ ಹೋಗಿ, ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಕಲ್ಲನ್ನು ಒಣಗಿದ್ದಾಗ ಉಜ್ಜಬೇಡಿ, ಮೂಗಿಗೆ ಕಟ್ಟಿದ ಬಟ್ಟೆಯನ್ನೇ ನೆಚ್ಚಬೇಡಿ. ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ನಂಬಿಕೆಯಾಗದಿದ್ದರೆ ನಾಳೆ ಬೆಳಿಗ್ಗೆ ಮಗು ಮಲಗುವ ಜಾಗದಲ್ಲಿ ಒಂದು ಕಪ್ಪು ಬಟ್ಟೆ ಹರಡಿಡಿ. ಸಂಜೆ ಅದರ ಮೇಲೆ ಬೆರಳಾಡಿಸಿ ನೋಡಿ.